ಹನ್ನೊಂದನೆಯ ಮನೆಯ ಸ್ವರ

ಹೊನ್ನಾವರ ಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ನಿತ್ಯಾನಂದ ಮೊಗೇರ ಹದಿನೈದು ವರ್ಷ ಗಂಟೆ ಹೊಡೆದರು. ಹುದ್ದೆಯ ಹೆಸರು ಅಟೆಂಡರ್. ಬೆಳಿಗ್ಗೆ ಎಂಟೂಕಾಲಿಗೆ ಗೇಟು ತೆಗೆಯುವುದು, ಹಾಜರಿ ಪುಸ್ತಕಗಳನ್ನು ತರಗತಿಗಳಿಗೆ ಮುಟ್ಟಿಸುವುದು, ಟ್ಯಾಂಕಿನ ನೀರು ನೋಡುವುದು, ಸಂಜೆ ಕಿಟಕಿಗಳನ್ನು ಹಾಕಿ ಬೀಗ ಜಡಿಯುವುದು ಅವರ ಕೆಲಸ. ಇದರ ನಡುವೆ ದಿನಕ್ಕೆ ಏಳು ನಿಮಿಷದ ಇನ್ನೊಂದು ಕೆಲಸವಿತ್ತು. ಪ್ರಾರ್ಥನೆಯ ಗಂಟೆ ಹೊಡೆದು, ಸುತ್ತಿಗೆಯನ್ನು ಮೊಳೆಗೆ ನೇತುಹಾಕಿ, ಜಗಲಿಯ ಮೇಲೆ ಚಕ್ಕಳಮಕ್ಕಳ ಕೂತು ಪೇಟಿ ನುಡಿಸುವುದು. ಹಾರ್ಮೋನಿಯಮ್ಮಿಗೆ ಈ ಕಡೆ ಪೇಟಿ ಎಂದೇ ಹೆಸರು. ಮಕ್ಕಳು ಹಾಡು ಮುಗಿಸಿ ಸಾಲಾಗಿ ಒಳಗೆ ಹೋದ ಮೇಲೆ ಅವರು ಪೇಟಿಯನ್ನು ಎತ್ತಿಟ್ಟು ಮತ್ತೆ ಅಟೆಂಡರ್ ಆಗುತ್ತಿದ್ದರು.

ಅವರ ಮನೆ ಶರಾವತಿಯ ಆಚೆ ದಡದ ಕಾಸರಕೋಡಿನಲ್ಲಿ, ಮೀನುಗಾರರ ಕೇರಿಯಲ್ಲಿ. ತಂದೆ ದೋಣಿಯಲ್ಲಿದ್ದವರು. ಅಣ್ಣ ಪಾಂಡು ಈಗಲೂ ಬೋಟಿನ ಚಾಲಕ. ನಿತ್ಯಾನಂದರೂ ಹದಿನೆಂಟರಿಂದ ಇಪ್ಪತ್ತೆಂಟರವರೆಗೆ ಬಲೆ ಎಳೆದರು. ಹತ್ತು ವರ್ಷವಾದರೂ ಸಮುದ್ರ ಅವರ ಹೊಟ್ಟೆಗೆ ಒಗ್ಗಲಿಲ್ಲ. ಬೋಟು ನದಿ ಕಡಲು ಸೇರುವ ಅಳಿವೆ ದಾಟುತ್ತಿದ್ದಂತೆ ವಾಂತಿ ಶುರುವಾಗುತ್ತಿತ್ತು. ಕೊನೆಗೆ ಪಾಂಡುವೇ ತಮ್ಮನ ಹೆಸರಿನಲ್ಲಿ ಶಾಲೆಗೆ ಅರ್ಜಿ ಬರೆಸಿದರು.

ಪೇಟಿ ಬಂದದ್ದು ಕೇರಿಯ ಭಜನಾ ಮಂಡಳಿಯಿಂದ. ಹತ್ತನೆಯ ವಯಸ್ಸಿನಲ್ಲಿ ಹಿರಿಯ ಪೇಟಿಯವರ ಪಕ್ಕ ಕೂತು ಅವರ ಬೆರಳು ನೋಡಿದರು. ಹದಿನಾಲ್ಕಕ್ಕೆ ಅದೇ ಜಾಗದಲ್ಲಿ ಕೂತರು. ಈಗ ಮುನ್ನೂರರಷ್ಟು ಭಜನೆ ಕೈಯಲ್ಲಿದೆ, ಒಂದರ ಸ್ವರವನ್ನೂ ಎಲ್ಲಿಯೂ ಬರೆದಿಟ್ಟುಕೊಂಡಿಲ್ಲ. ಭಜನೆಯ ಪೇಟಿಗೆ ಎರಡು ನಿಯಮ. ಹಾಡುವವರು ಯಾವ ಶ್ರುತಿಯಲ್ಲಿ ಎತ್ತಿಕೊಂಡರೂ, ಅದು ಬಿಳಿ ಕೀಗಳಲ್ಲಿ ನಾಲ್ಕನೆಯದಿರಲಿ, ‘ಕಪ್ಪು ಮೂರು’ ಎನ್ನುವ ಮೂರನೆಯ ಕಪ್ಪು ಕೀ ಇರಲಿ, ಪೇಟಿ ಅಲ್ಲಿಗೆ ಹೋಗಬೇಕು. ನಡುವೆ ಎಲ್ಲಾದರೂ ದಾರಿ ತಪ್ಪಿದರೆ ಪಲ್ಲವಿಗೆ ಮರಳಬೇಕು. ತಾಳದವರೂ ಹಾಡುವವರೂ ಅಲ್ಲಿಗೇ ಬಂದು ಸೇರಿಕೊಳ್ಳುತ್ತಾರೆ, ತಪ್ಪಿದ್ದು ಯಾರಿಗೂ ತಿಳಿಯುವುದಿಲ್ಲ. ಏಳು ದಿನ ಬಿಡದೆ ನಡೆಯುವ ಸಪ್ತಾಹ ಭಜನೆಯಲ್ಲಿ, ಹದಿನಾರನೆಯ ತಾಸಿನ ತೂಕಡಿಕೆಯಲ್ಲೂ ಅವರ ಕೈ ನಿಂತದ್ದಿಲ್ಲ.

2023ರ ಜೂನ್‌ನಲ್ಲಿ ಶಾಲೆಗೆ ಒಂದು ಡಿಜಿಟಲ್ ಪಿಯಾನೋ ಬಂತು. ದುಬೈಯಲ್ಲಿ ವ್ಯಾಪಾರ ಮಾಡುವ ಭಟ್ಕಳದ ಒಬ್ಬರ ಮೊಮ್ಮಕ್ಕಳು ಈ ಶಾಲೆಯಲ್ಲಿ ಓದುತ್ತಿದ್ದರು. ಆ ಅಜ್ಜನ ಕೊಡುಗೆ. ಕಲಿಸುವವರು ಇರಲಿಲ್ಲವಾದ್ದರಿಂದ ಅದು ಮೂರು ತಿಂಗಳು ಸ್ಟಾಫ್ ರೂಮಿನ ಪಕ್ಕದ ಕೋಣೆಯಲ್ಲಿ ಹಳೆಯ ಪರದೆಯೊಂದನ್ನು ಹೊದ್ದುಕೊಂಡು ನಿಂತಿತ್ತು. ಧೂಳು ಒರೆಸುವ ಕೆಲಸ ನಿತ್ಯಾನಂದರದು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಬಲಗೈಯಲ್ಲಿ ಒಂದು ಭಜನೆ ನುಡಿಸಿ ನೋಡುತ್ತಿದ್ದಾಗ ಮುಖ್ಯಾಧ್ಯಾಪಕಿ ಮಾಲಿನಿ ಮೇಡಂ ಬಾಗಿಲಲ್ಲಿ ನಿಂತಿದ್ದರು.

“ಇದನ್ನ ಮಕ್ಕಳಿಗೆ ಕಲಿಸ್ಲಿಕ್ಕೆ ಆಗ್ತದಾ ನಿತ್ಯಾನಂದ?”

“ಕಲ್ತರೆ ಕಲಿಸ್ಬಹುದು ಮೇಡಂ.”

ಮಾಲಿನಿ ಮೇಡಂ ನೇರ ಮಾತಿನವರು. ಪಾಲಕರಿಗೆ ಬೇಕಾದದ್ದು ಭಜನೆಯಲ್ಲ, ಪುಸ್ತಕ ನೋಡಿ ನುಡಿಸುವ ಪಿಯಾನೋ. ವಿದೇಶಿ ಮಂಡಳಿಯೊಂದರ ಪರೀಕ್ಷೆ ಮಡಗಾಂವಿನಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ. ಅದರ ಮೊದಲ ಗ್ರೇಡ್ ಸರ್ಟಿಫಿಕೇಟು ತಂದರೆ ಜೂನ್‌ನಿಂದ ಪಿಯಾನೋ ತರಗತಿ ಅವರದು, ಹುದ್ದೆ ಸಂಗೀತ ಶಿಕ್ಷಕ. ತರದಿದ್ದರೆ ಮಂಗಳೂರಿನಿಂದ ಒಬ್ಬರು ಬರಲು ತಯಾರಿದ್ದಾರೆ. ನಿತ್ಯಾನಂದರು ಪರದೆಯನ್ನು ಪಿಯಾನೋದ ಮೇಲೆ ಹಾಕಿ, ನಾಲ್ಕೂ ಮೂಲೆ ಸರಿಮಾಡಿ, “ಆತು ಮೇಡಂ” ಎಂದರು. ಆಗ ಅವರಿಗೆ ನಲವತ್ತಮೂರು.

ಕುಮಟಾದಲ್ಲಿ ಕೈತಾನ್ ಫರ್ನಾಂಡಿಸ್ ಎಂಬವರಿದ್ದಾರೆ. ಎಪ್ಪತ್ತೊಂದು ವರ್ಷ. ನಲವತ್ತು ವರ್ಷದಿಂದ ಇಗರ್ಜಿಯಲ್ಲಿ, ಅಂದರೆ ಅಲ್ಲಿನ ಚರ್ಚಿನಲ್ಲಿ, ಪೂಜೆಗೆ ಕೀಬೋರ್ಡ್ ನುಡಿಸುತ್ತಾರೆ, ಊರಿನವರಿಗೆ ಅವರು ಮಾಸ್ತರ್. ಅಲ್ಲಿ ಹಾಡುವ ಮಕ್ಕಳಿಗೆ ಕಲಿಸುತ್ತಿದ್ದರು, ಆದರೆ ಅದುವರೆಗೆ ಯಾರನ್ನೂ ಪರೀಕ್ಷೆಗೆ ಕಳಿಸಿರಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಿತ್ಯಾನಂದರು ಹೊನ್ನಾವರದಿಂದ ಕುಮಟಾ ಬಸ್ಸು ಹತ್ತಿ ಅವರ ಮನೆಗೆ ಹೋಗತೊಡಗಿದರು.

ಮೊದಲ ಪಾಠ ನಾಲ್ಕು ನಿಮಿಷಕ್ಕೆ ನಿಂತಿತು. ನಿತ್ಯಾನಂದರ ಬಲಗೈ ಕೀಗಳ ಮೇಲೆ ಸಲೀಸಾಗಿ ಓಡುತ್ತಿತ್ತು. ಎಡಗೈ ಮಾತ್ರ ಕೀಬೋರ್ಡಿನ ಆಚೆ ಬದಿಗೆ ಹೋಗಿ, ಗಾಳಿಯಲ್ಲಿ ಹಿಂದೆ ಮುಂದೆ ಆಡುತ್ತಿತ್ತು. ಮಾಸ್ತರ್ ಸ್ವಲ್ಪ ಹೊತ್ತು ಅದನ್ನೇ ನೋಡಿದರು.

“ಎಂತ ಅದು ಪುತಾ? ಸೊಳ್ಳೆ ಓಡಿಸ್ತೆಯಾ?”

ನಿತ್ಯಾನಂದರಿಗೆ ತಮ್ಮ ಕೈ ಕಂಡದ್ದು ಆಗಲೇ. ಮೂವತ್ತು ವರ್ಷ ಪೇಟಿಯ ತಿದಿಯೊತ್ತಿದ ಕೈ ಅದು.

“ಇದು ಪೇಟಿ ಅಲ್ಲ. ಗಾಳಿ ಹಾಕೂದು ಬೇಡ, ಇದ್ಕೆ ಕರೆಂಟ್ ಅದೆ,” ಎಂದ ಮಾಸ್ತರ್, ಅವರ ಎಡಗೈ ಹಿಡಿದು ಕೀಗಳ ಮೇಲಿಟ್ಟರು.

ಎಡಗೈ ಒಂದು ತಿಂಗಳಲ್ಲಿ ಸರಿಹೋಯಿತು. ಉಳಿದದ್ದು ಪುಸ್ತಕ. ಐದು ಗೆರೆ, ಗೆರೆಯ ಮೇಲೆ ಮತ್ತು ಸಂದಿಯಲ್ಲಿ ಕಪ್ಪು ಬಿಳಿ ಕಾಳುಗಳು. ಕಾಳು ಎಷ್ಟು ಮೇಲಿದೆಯೋ ಸ್ವರ ಅಷ್ಟು ಮೇಲೆ. ತಾಳದ ಅಳತೆಗೆ ಗೆರೆಗಳನ್ನು ಅಡ್ಡ ಕತ್ತರಿಸಿದ ಒಂದೊಂದು ಭಾಗಕ್ಕೂ ಮಾಸ್ತರ್ ‘ಮನೆ’ ಎನ್ನುತ್ತಿದ್ದರು. ಪರೀಕ್ಷೆಗೆ ಮೂರು ರಚನೆಗಳನ್ನು ತಯಾರು ಮಾಡಿಕೊಂಡು ಹೋಗಬೇಕು, ಅವನ್ನು ಎಷ್ಟು ತಿಂಗಳಾದರೂ ಕಲಿಯಬಹುದು. ಅದರ ಮೇಲೆ ಇನ್ನೊಂದು ಭಾಗವಿದೆ. ಎಂದೂ ನೋಡಿರದ ಎಂಟು ಮನೆಗಳ ಒಂದು ತುಣುಕನ್ನು ಎದುರಿಗಿಟ್ಟು, ಅರ್ಧ ನಿಮಿಷ ನೋಡಲು ಬಿಟ್ಟು, ನುಡಿಸಿ ಎನ್ನುತ್ತಾರೆ. ಅದಕ್ಕೆ ಇಪ್ಪತ್ತು ಅಂಕ. ಏಳಕ್ಕಿಂತ ಕಡಿಮೆ ಬಂದರೆ ಉಳಿದವುಗಳಲ್ಲಿ ಎಷ್ಟೇ ಬಂದಿರಲಿ, ಫೇಲು.

ನಿತ್ಯಾನಂದರು ತಮಗೆ ಗೊತ್ತಿದ್ದ ದಾರಿ ಹಿಡಿದರು. ಪ್ರತಿ ಪಾಠದಲ್ಲೂ, “ಮಾಸ್ತರೆ, ಒಂದ್ ಸಲ ನೀವು ಬಾರ್ಸಿ ತೋರ್ಸಿ” ಎನ್ನುತ್ತಿದ್ದರು. ಮಾಸ್ತರ್ ನುಡಿಸುತ್ತಿದ್ದರು. ಎರಡನೆಯ ಸಲ ಕೇಳುವಾಗ ನಿತ್ಯಾನಂದರ ಬೆರಳು ತೊಡೆಯ ಮೇಲೆ ಅಲುಗುತ್ತಿತ್ತು. ಮೂರನೆಯ ಸಲಕ್ಕೆ ಅದು ಅವರದಾಗುತ್ತಿತ್ತು. ನುಡಿಸುವಾಗ ಕಣ್ಣು ಪುಸ್ತಕದ ಮೇಲೆಯೇ ಇರುತ್ತಿತ್ತು, ಸರಿಯಾದ ಹೊತ್ತಿಗೆ ಪುಟವನ್ನೂ ತಿರುವುತ್ತಿದ್ದರು. ಇಷ್ಟು ಬೇಗ ಓದಲು ಕಲಿತ ಶಿಷ್ಯ ತನಗೆ ಸಿಕ್ಕಿಲ್ಲ ಎಂದು ಮಾಸ್ತರ್ ಪಕ್ಕದ ಮನೆಯವರಿಗೂ ಹೇಳಿದ್ದರು. ಇದರಲ್ಲಿ ಮೋಸವಿದೆ ಎಂದು ನಿತ್ಯಾನಂದರಿಗೆ ಅನಿಸಿರಲಿಲ್ಲ. ಅವರು ಕಲಿತ ಪ್ರತಿಯೊಂದನ್ನೂ ಹಾಗೆಯೇ ಕಲಿತಿದ್ದರು.

ಸಿಕ್ಕಿಬಿದ್ದದ್ದು ನವೆಂಬರಿನಲ್ಲಿ. ಮನೆಯಲ್ಲಿ ಅಭ್ಯಾಸಕ್ಕೆ ಅವರು ಒಂದು ಹಳೆಯ ಕೀಬೋರ್ಡ್ ತಂದುಕೊಂಡಿದ್ದರು. ಹೆಂಡತಿ ಮಾಲತಿ ಕೇರಿಯ ಮಹಿಳಾ ಭಜನೆಯಲ್ಲಿ ಹಾಡುವವರು. ಅಡುಗೆ ಮಾಡುತ್ತ ಆ ವಾರದ ರಚನೆಯನ್ನು ಅವರು ಗುನುಗತೊಡಗಿದರು. ಅವರ ಗಂಟಲು ಕೂರುವುದು ಕಪ್ಪು ಮೂರರಲ್ಲಿ. ನಿತ್ಯಾನಂದರ ಕೈ ತನಗೆ ತಿಳಿಯದೆಯೇ ಪುಸ್ತಕದಲ್ಲಿದ್ದ ಬಿಳಿ ಒಂದನ್ನು ಬಿಟ್ಟು ಕಪ್ಪು ಮೂರಕ್ಕೆ ಹೋಯಿತು. ಆರು ದಿನ ಅಲ್ಲಿಯೇ ಅಭ್ಯಾಸ ನಡೆಯಿತು. ಶನಿವಾರ ಮಾಸ್ತರರ ಎದುರು ಪುಸ್ತಕ ತೆರೆದಿಟ್ಟು, ಒಂದು ತಪ್ಪೂ ಇಲ್ಲದೆ, ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಕಪ್ಪು ಮೂರರಿಂದಲೇ ನುಡಿಸಿದರು.

ಮಾಸ್ತರ್ ಕನ್ನಡಕ ತೆಗೆದರು. “ಯಾವ ಪುಟ ನೋಡ್ತಾ ಇದ್ದೆ ನೀನು?”

“ಇದೇ, ಹದಿನಾಲ್ಕು.”

“ಹದಿನಾಲ್ಕ್ರಲ್ಲಿ ಇದ್ದದ್ದು ಒಂದು, ನೀ ಬಾರ್ಸಿದ್ದು ಒಂದು. ಈಗ ಇದನ್ನ ಓದು,” ಎಂದು ಅವರು ಹಳೆಯ ಸ್ತೋತ್ರ ಪುಸ್ತಕವೊಂದನ್ನು ನಡುವಿನಲ್ಲಿ ತೆರೆದಿಟ್ಟರು. ನಾಲ್ಕು ಮನೆಗಳ ಒಂದು ಸಾಲು. ನಿತ್ಯಾನಂದರು ಒಂದು ನಿಮಿಷ ನೋಡಿದರು. ಆಮೇಲೆ, “ಒಂದ್ ಸಲ ನೀವು ಬಾರ್ಸಿ...” ಎಂದು ಶುರುಮಾಡಿ, ತಾವೇ ನಿಲ್ಲಿಸಿದರು.

ಮಾಸ್ತರ್ ಬೈಯಲಿಲ್ಲ. ಎದ್ದು ಹೋಗಿ ಚಹಾ ತಂದರು. “ನಿನ್ ಕಿವಿ ಬಂಗಾರ. ಆ ಬಂಗಾರದಿಂದ್ಲೇ ನೀನು ಫೇಲ್ ಆಗ್ತೆ. ಇನ್ನು ನಾ ಬಾರ್ಸಿ ತೋರ್ಸೂದಿಲ್ಲ.”

ಅಂದಿನಿಂದ ಪಾಠದ ಕ್ರಮ ಬದಲಾಯಿತು. ಇಗರ್ಜಿಯ ಕಪಾಟಿನಲ್ಲಿ ಹುಳ ತಿಂದ ಸ್ತೋತ್ರ ಪುಸ್ತಕಗಳು ರಾಶಿ ಇದ್ದವು. ದಿನಕ್ಕೆ ನಾಲ್ಕು ಮನೆ, ಒಂದೇ ಸಲ, ಮತ್ತೆ ಆ ಪುಟ ತೆರೆಯುವಂತಿಲ್ಲ. ಎರಡನೆಯ ಸಲ ನುಡಿಸಿದರೆ ಅದು ಓದಿದ್ದಲ್ಲ, ನೆನಪು ಎಂಬುದು ಮಾಸ್ತರರ ಲೆಕ್ಕ. ನಿತ್ಯಾನಂದರಿಗೆ ಇದು ಬೋಟು ಹತ್ತಿದಂತೆಯೇ ಆಯಿತು. ಹತ್ತು ವರ್ಷದ ಹುಡುಗರು ಹತ್ತು ಸೆಕೆಂಡಿನಲ್ಲಿ ನುಡಿಸುವ ಸಾಲಿಗೆ ಅವರಿಗೆ ಎರಡು ನಿಮಿಷ ಹಿಡಿಯುತ್ತಿತ್ತು. ಒಂದು ಸ್ವರ ತಪ್ಪಿದ ಕೂಡಲೇ ಕೈ ಸಾಲಿನ ಆರಂಭಕ್ಕೆ ಓಡುತ್ತಿತ್ತು. ಪಲ್ಲವಿಗೆ ಮರಳುವ ಅಭ್ಯಾಸ.

“ಎಲ್ಲಿ ಹೋಗ್ತೆ?” ಮಾಸ್ತರ್ ಕೇಳುತ್ತಿದ್ದರು.

“ಶುರುವಿಂದ ಮಾಸ್ತರೆ.”

“ಶುರು ಮುಗ್ದೋತು. ಬಸ್ ತಪ್ಪಿದ್ರೆ ಮುಂದಿನ ಸ್ಟಾಪಲ್ಲಿ ಹತ್ತು. ಡಿಪೋಗೆ ಹೋಗ್ಬೇಡ.”

ಶಾಲೆಯಲ್ಲಿ ಸುದ್ದಿ ಹಬ್ಬಿತ್ತು. ಬಿಡುವಿನಲ್ಲಿ ಅವರು ಗೇಟಿನ ಬಳಿ ಸ್ತೋತ್ರ ಪುಸ್ತಕ ಹಿಡಿದು ಕೂರುತ್ತಿದ್ದರು. ಡ್ರಿಲ್ ಮಾಸ್ತರ್ ನರೇಶ ಹಾದುಹೋಗುವಾಗಲೆಲ್ಲ, “ಎಂತ ನಿತ್ಯಾ, ಗಂಟೆ ಹೊಡ್ಯೂಕೂ ಪುಸ್ತಕ ನೋಡ್ಬೇಕಾ ಈಗ?” ಎನ್ನುತ್ತಿದ್ದರು. ನಿತ್ಯಾನಂದರು ನಗುತ್ತಿದ್ದರು. ಒಮ್ಮೆ ಗಂಟೆ ನಿಜವಾಗಿಯೂ ಐದು ನಿಮಿಷ ತಡವಾಯಿತು. ಅಂದು ಅವರು ನಗಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಅವರು ಅಣ್ಣನ ಮನೆಯ ಅಂಗಳದಲ್ಲಿ ಕೂತು, ಇದು ತನ್ನಿಂದಾಗದ ಕೆಲಸ, ಮಂಗಳೂರಿನವರೇ ಬರಲಿ ಎಂದರು. ಪಾಂಡು ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

“ಮುನ್ನೂರ್ ಭಜನೆ ಬತ್ತದೆ ಅಂತೆ. ಒಂದ್ ಪುಟ ಓದೂಕೆ ಬರೂದಿಲ್ವಾ?”

“ಭಜನೆ ನೆನಪಲ್ಲಿ ಅದೆ ಅಣ್ಣ. ಇದು ದಿನಾ ಹೊಸ್ದು.”

“ಮತ್ತೆ ಅಳಿವೆ ಎಂತ, ಹಳೇದಾ? ಹೋದ ವರ್ಷದ ದಾರಿ ನೆನಪಿಟ್ಕಂಡು ಬೋಟ್ ತಂದವ್ರು ಎಲ್ಲಿ ಹೋದ್ರು ಗೊತ್ತಿಲ್ವಾ ನಿಂಗೆ? ಮರಳು ಅಲ್ಲಿ ಇತ್ತು, ಈ ವರ್ಷ ಇಲ್ಲಿ ಅದೆ. ಬೆಳಿಗ್ಗೆ ಹೋಪಾಗ ಇದ್ದದ್ದು ಸಂಜೆಗೆ ಇಲ್ಲ. ನೀರಿನ ಬಣ್ಣ ಕಾಣೂದು, ತೆರೆ ಎಲ್ಲಿ ಒಡೀತದೆ ಕಾಣೂದು, ಬರೂದು. ನಿಂಗೆ ಎಲ್ಲಿ ಕಾಣ್ತದೆ, ನೀನು ಬಗ್ಗಿ ವಾಂತಿ ಮಾಡ್ತಾ ಇದ್ದೆ.”

ಒಳಗಿನಿಂದ ಅತ್ತಿಗೆ ನಕ್ಕದ್ದು ಕೇಳಿಸಿತು. ನಿತ್ಯಾನಂದರು ಚಹಾ ಕುಡಿದು ಮನೆಗೆ ಹೋದರು. ಆ ದಿನದ ನಾಲ್ಕು ಮನೆ ಬಾಕಿ ಇತ್ತು.

ಓದು ಯಾವ ದಿನ ಬಂತು ಎಂದು ಅವರಿಂದ ಹೇಳಲಾಗುವುದಿಲ್ಲ. ಜನವರಿಯ ಹೊತ್ತಿಗೆ ಒಂದು ಸಾಲಿಗೆ ಅರ್ಧ ನಿಮಿಷ ಸಾಕಾಗುತ್ತಿತ್ತು. ಒಂದು ಸಂಜೆ, ಪರೀಕ್ಷೆಯ ಮೂರು ರಚನೆಗಳಲ್ಲಿ ಎರಡನೆಯದನ್ನು, ಅದಾಗಲೇ ಕೈಗೆ ಬಂದು ಮೂರು ತಿಂಗಳಾಗಿದ್ದನ್ನು, ಹೊಸ ಪುಟದಂತೆ ಓದಿ ನೋಡೋಣ ಎಂದು ಕೂತರು. ಹದಿನಾರು ಮನೆಗಳ ಒಂದು ಹಳೆಯ ಕುಣಿತದ ರಾಗ ಅದು. ಹನ್ನೊಂದನೆಯ ಮನೆಯಲ್ಲಿ ಕಣ್ಣು ನಿಂತಿತು. ಪುಸ್ತಕದಲ್ಲಿ ಸ್ವರ ಒಂದು ಮೆಟ್ಟಿಲು ಕೆಳಗಿಳಿದಿತ್ತು. ಅವರ ಕೈ ಅಲ್ಲಿ ಯಾವಾಗಲೂ ಒಂದು ಮೆಟ್ಟಿಲು ಮೇಲೆ ಹೋಗುತ್ತಿತ್ತು.

ಮೊದಲು ತಮ್ಮದೇ ತಪ್ಪು ಎಂದುಕೊಂಡರು. ಗೆರೆಗಳನ್ನು ಬೆರಳಿಟ್ಟು ಎಣಿಸಿದರು. ಮಾಲತಿಯವರನ್ನು ಕರೆದು ಎಣಿಸಲು ಹೇಳಿದರು. ಪುಸ್ತಕ ಕೆಳಗೆ ಎನ್ನುತ್ತಿತ್ತು. ಅವರ ಕಿವಿ ಸುಳ್ಳು ಹೇಳುವುದಿಲ್ಲ. ಮಾಸ್ತರ್ ಮೂರು ಸಲ ನುಡಿಸಿದಾಗಲೂ ಮೇಲೆಯೇ ಹೋಗಿದ್ದರು. ಹಾಗಾದರೆ ತಪ್ಪು ಮಾಸ್ತರರದು.

“ಹೇಳಿಬಿಡಿ, ಪರೀಕ್ಷೆ ನಿಮ್ದು,” ಎಂದರು ಮಾಲತಿ.

“ಹೆಂಗೆ ಹೇಳೂದು? ಅವ್ರಿಗೆ ಎಪ್ಪತ್ತೊಂದು.”

“ತಪ್ಪಿಗೆ ವಯಸ್ಸು ಅದ್ಯಾ?”

ಅವರು ಹೇಳಲಿಲ್ಲ. ಭಜನೆಯ ಸಾಲಿನಲ್ಲಿ ಪಕ್ಕದ ಹಿರಿಯರನ್ನು ತಿದ್ದುವ ಪದ್ಧತಿಯಿಲ್ಲ. ಅವರು ತಪ್ಪಿದರೆ ಪೇಟಿಯೂ ಅವರ ಜೊತೆ ತಪ್ಪಬೇಕು, ಅದೇ ಮರ್ಯಾದೆ. ಮೂರು ಶನಿವಾರ ಅವರು ಕುಮಟಾಕ್ಕೆ ಹೋಗಿ, ಹನ್ನೊಂದನೆಯ ಮನೆಯಲ್ಲಿ ಮಾಸ್ತರರಂತೆ ಮೇಲಕ್ಕೆ ಹೋಗಿ, ಮನೆಗೆ ಬಂದು ಕೆಳಗಿಳಿಯುವುದನ್ನು ಅಭ್ಯಾಸ ಮಾಡಿದರು. ಎರಡೂ ಬೆರಳಿನಲ್ಲಿ ಕೂತವು. ನಾಲ್ಕನೆಯ ವಾರಕ್ಕೆ ಆ ಜಾಗ ಬರುತ್ತಿದ್ದಂತೆ ಕೈ ಅನುಮಾನಿಸತೊಡಗಿತು. ಪರೀಕ್ಷೆಗೆ ಆಗ ಐದು ವಾರ ಉಳಿದಿತ್ತು.

ಆ ಶನಿವಾರ ಅವರು ಪುಸ್ತಕದಲ್ಲಿದ್ದಂತೆ ನುಡಿಸಿದರು.

“ತಪ್ಪು,” ಎಂದರು ಮಾಸ್ತರ್, ಕಿಟಕಿಯ ಕಡೆ ನೋಡುತ್ತ.

ನಿತ್ಯಾನಂದರು ಹತ್ತನೆಯ ಮನೆಯಿಂದ ಮತ್ತೆ ನುಡಿಸಿದರು. ಮತ್ತೆ ಕೆಳಗಿಳಿದರು.

“ಅರೆ, ತಪ್ಪು ಅಂತ ಹೇಳಿದ್ನಲ್ಲ. ಮೇಲೆ.”

ಮೂರನೆಯ ಸಲವೂ ಕೆಳಗೆ. ಮಾಸ್ತರ್ ತಿರುಗಿದರು. ಶಿಷ್ಯನ ಮುಖ ನೋಡಿದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಪುಟದ ಹತ್ತಿರ ಬಗ್ಗಿದರು. ಬೆರಳು ಹತ್ತನೆಯ ಮನೆ ದಾಟಿ ಹನ್ನೊಂದರಲ್ಲಿ ನಿಂತಿತು.

“ನಂಗೆ ಇದನ್ನ ಕಲಿಸಿದ್ದು ಒಬ್ರು ಪಾದ್ರಿ. ಹತ್ತೊಂಬತ್ತು ವರ್ಷ ಆಗಿತ್ತು ನಂಗೆ,” ಎಂದರು. “ಅವ್ರು ಬಾರ್ಸಿದ್ರು, ನಾ ಕೇಳಿದೆ. ಪುಸ್ತಕ ಮುಂದೆ ಇತ್ತು. ನಾ ನೋಡ್ಲೇ ಇಲ್ಲ.”

ಪುಟದಿಂದ ಬೆರಳು ತೆಗೆದು ಕೇಳಿದರು: “ನಿಂಗೆ ಯಾವಾಗ ಗೊತ್ತಾತು?”

“ಒಂದ್ ತಿಂಗ್ಳಾತು ಮಾಸ್ತರೆ.”

“ಒಂದ್ ತಿಂಗ್ಳು ಬಾಯಿ ಮುಚ್ಕಂಡು ತಪ್ಪು ಬಾರ್ಸಿದ್ಯಾ? ಮಂಗ.”

ಈ ರಾಗವನ್ನು ಕೈತಾನ್ ಮಾಸ್ತರ್ ಪ್ರತಿ ಭಾನುವಾರ, ಜನ ಪ್ರಸಾದಕ್ಕೆ ಸಾಲುಗಟ್ಟುವಾಗ ಮೆಲ್ಲಗೆ ನುಡಿಸುತ್ತಿದ್ದರು. ಮರುದಿನದ ಪೂಜೆಯಲ್ಲಿ ಮೊದಲ ಬಾರಿಗೆ ಪುಸ್ತಕದಲ್ಲಿದ್ದಂತೆ ನುಡಿಸಿದರು. ಪೂಜೆ ಮುಗಿದ ಮೇಲೆ ಮುಂದಿನ ಬೆಂಚಿನ ಅಜ್ಜಿಯೊಬ್ಬರು ಅವರ ಬಳಿ ಬಂದು, ಇವತ್ತು ನಡುವೆ ಒಂದು ಕಡೆ ನಿಮ್ಮ ಕೈ ತಪ್ಪಿತಲ್ಲ, ಹುಷಾರಿಲ್ಲವೇ ಎಂದು ಕೊಂಕಣಿಯಲ್ಲಿ ವಿಚಾರಿಸಿದರು. ಮಾಸ್ತರ್ ಮುಂದಿನ ವಾರದಿಂದ ಹಳೆಯದಕ್ಕೇ ಮರಳಿದರು. ಇಗರ್ಜಿಯಲ್ಲಿ ಅದು ಇಂದಿಗೂ ಮೇಲಕ್ಕೇ ಹೋಗುತ್ತದೆ.

ಮಾರ್ಚ್ ಎರಡನೆಯ ವಾರ ನಿತ್ಯಾನಂದರು ಹೊನ್ನಾವರ ಸ್ಟೇಷನ್ನಿನಿಂದ ಬೆಳಗಿನ ರೈಲು ಹತ್ತಿ ಮಡಗಾಂವಿಗೆ ಹೋದರು. ಮಾಲತಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಚೀಲದಲ್ಲಿ ಮೂರು ರಚನೆಗಳ ಪುಸ್ತಕ. ಪರೀಕ್ಷೆಯ ಕೋಣೆಯ ಹೊರಗೆ ಕುರ್ಚಿಗಳಲ್ಲಿ ಕೂತಿದ್ದವರು ಎಂಟು, ಒಂಬತ್ತು, ಹನ್ನೊಂದು ವರ್ಷದ ಮಕ್ಕಳು. ಒಬ್ಬ ತಾಯಿ, “ನಿಮ್ಮ ಮಗು ಒಳಗಿದೆಯಾ?” ಎಂದು ಹಿಂದಿಯಲ್ಲಿ ಕೇಳಿದರು. ನನ್ನದೇ ಪರೀಕ್ಷೆ ಎಂದು ಅವರು ಉತ್ತರಿಸಿದರು.

ಒಳಗೆ ಪರೀಕ್ಷಕಿ ಒಬ್ಬರೇ. ಬಿಳಿ ಕೂದಲು, ಮೇಜಿನ ಮೇಲೆ ಪೆನ್ಸಿಲು. ಮೊದಲ ರಚನೆ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಹತ್ತನೆಯ ಮನೆಯವರೆಗೆ ಅವರು ಪುಸ್ತಕ ನೋಡಲಿಲ್ಲ, ಬೇಕಿರಲಿಲ್ಲ. ಹನ್ನೊಂದಕ್ಕೆ ಬಂದಾಗ ಕೈ ಮೇಲೆಯೋ ಕೆಳಗೋ ಎಂದು ತಡೆಯಿತು. ಬೆರಳು ಕೆಳಗಿನದನ್ನೇ ಒತ್ತಿತು, ಸರಿಯಾದದ್ದನ್ನೇ. ಆದರೆ ಆ ತಡೆಯಲ್ಲಿ ಮುಂದಿನದು ಹಾರಿಹೋಯಿತು. ಹನ್ನೆರಡನೆಯ ಮನೆ ಕೈಯಲ್ಲಿ ಇರಲಿಲ್ಲ. ಬಾಯಿಪಾಠವಾದದ್ದನ್ನು ನಡುವಿನಿಂದ ಎತ್ತಿಕೊಳ್ಳಲು ಆಗುವುದಿಲ್ಲ. ಸರಪಳಿಯ ಒಂದು ಕೊಂಡಿ ಕಳಚಿದರೆ ಎಲ್ಲವೂ ಹೋಯಿತು. ಅವರ ಎರಡೂ ಕೈ ಕೀಗಳಿಂದ ಎದ್ದವು, ಮೊದಲ ಮನೆಯ ಕಡೆಗೆ, ಪಲ್ಲವಿಯ ಕಡೆಗೆ.

ಅಲ್ಲಿ ತಾಳ ಹಾಕುವವರು ಇರಲಿಲ್ಲ, ಕೂಡಿಕೊಳ್ಳಲು ಹಾಡುವವರೂ ಇರಲಿಲ್ಲ. ನಿತ್ಯಾನಂದರು ಕಣ್ಣೆತ್ತಿ ಪುಟ ನೋಡಿದರು. ಎರಡನೆಯ ಪುಟ, ಮೇಲಿನಿಂದ ಮೊದಲ ಸಾಲು, ನಾಲ್ಕನೆಯ ಮನೆ. ಕಾಳು ಎರಡನೆಯ ಗೆರೆಯ ಮೇಲಿತ್ತು. ಅಲ್ಲಿಗೆ ಬೆರಳಿಟ್ಟರು. ಉಳಿದ ಐದು ಮನೆಗಳನ್ನು, ಐದು ತಿಂಗಳಿಂದ ನುಡಿಸುತ್ತಿದ್ದ ರಾಗವನ್ನು, ಅಂದು ಮೊದಲು ಕಂಡವರಂತೆ ಒಂದೊಂದೇ ಓದುತ್ತ ಮುಗಿಸಿದರು. ಎಲ್ಲ ಸೇರಿ ಎರಡು ಮಾತ್ರೆಯ ತಡೆ. ಪರೀಕ್ಷಕಿ ಏನನ್ನೋ ಬರೆದುಕೊಂಡರು.

ಆಮೇಲೆ ಕಾಣದ ತುಣುಕು ಬಂತು. ಎಂಟು ಮನೆ, ಅರ್ಧ ನಿಮಿಷ. ಅವರು ನಿಧಾನ ನುಡಿಸಿದರು. ಮೂರನೆಯ ಮನೆಯಲ್ಲಿ ಒಂದು ಸ್ವರ ತಪ್ಪಿತು, ಆರನೆಯದರಲ್ಲಿ ಎಡಗೈ ಹಿಂದೆ ಬಿತ್ತು. ಎಲ್ಲಿಯೂ ನಿಲ್ಲಲಿಲ್ಲ, ಹಿಂದಕ್ಕೆ ಹೋಗಲಿಲ್ಲ.

ಹೊರಗೆ ಬಂದು ಮಾಸ್ತರರಿಗೆ ಫೋನು ಮಾಡಿದರು.

“ಡಿಪೋಗೆ ಹೋದ್ಯಾ?”

“ಇಲ್ಲ ಮಾಸ್ತರೆ. ಮುಂದಿನ ಸ್ಟಾಪಲ್ಲಿ ಹತ್ತಿದೆ.”

ಫಲಿತಾಂಶ ಮೇ ತಿಂಗಳಲ್ಲಿ ಬಂತು. ಪಾಸು. ಕಾಣದ ತುಣುಕಿಗೆ ಇಪ್ಪತ್ತಕ್ಕೆ ಒಂಬತ್ತು. ಎರಡನೆಯ ರಚನೆಯ ಪಕ್ಕದಲ್ಲಿ ಪರೀಕ್ಷಕಿ ಒಂದು ಸಾಲು ಬರೆದಿದ್ದರು: ನಡುವೆ ತಡೆದರೂ ಚೆನ್ನಾಗಿ ಸಾವರಿಸಿಕೊಂಡಿದ್ದಾರೆ. ಪಾಂಡುವಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ, “ಮತ್ತೆ? ಅಳಿವೆ ದಾಟಿದ್ಯಲ್ಲ,” ಎಂದಷ್ಟೇ ಹೇಳಿ, ವಾಂತಿ ಬಂತಾ ಎಂದು ಕೇಳಿದರು.

ಮಾಲಿನಿ ಮೇಡಂ ಮಾತಿಗೆ ತಪ್ಪಲಿಲ್ಲ. ಜೂನ್ ಒಂದರಿಂದ ಹುದ್ದೆ ಸಂಗೀತ ಶಿಕ್ಷಕ, ಒಂದು ವರ್ಷ ತಾತ್ಕಾಲಿಕ. ಹೊಸ ಅಟೆಂಡರ್ ಸಿಗುವುದು ಜುಲೈ ಕೊನೆಗಾಯಿತು. ಅಲ್ಲಿಯವರೆಗೆ ನಿತ್ಯಾನಂದರು ತಮ್ಮ ತರಗತಿಯ ಗಂಟೆಯನ್ನು ತಾವೇ ಹೊಡೆದು, ಸುತ್ತಿಗೆ ನೇತುಹಾಕಿ, ಒಳಗೆ ಹೋಗಿ ಪಾಠ ಮಾಡಿದರು. ನರೇಶ ಮಾಸ್ತರ್ ಈಗ “ನಿತ್ಯಾನಂದ ಸರ್” ಎನ್ನುತ್ತಾರೆ, ಸ್ವಲ್ಪ ಎಳೆದು. ಪ್ರಾರ್ಥನೆಯ ಪೇಟಿ ಅವರ ಬಳಿಯೇ ಉಳಿದಿದ್ದು, ಕೇರಿಯ ಶನಿವಾರದ ಭಜನೆಯೂ ನಿಂತಿಲ್ಲ.

ಪಿಯಾನೋ ತರಗತಿಯಲ್ಲಿ ಹನ್ನೊಂದು ಮಕ್ಕಳು. ಅವರಲ್ಲಿ ಐದನೆಯ ತರಗತಿಯ ಅಂಕಿತಾ ಎಂಬ ಹುಡುಗಿಗೆ ಕಿವಿ ಚುರುಕು. ಎರಡು ತಿಂಗಳಲ್ಲಿ ಗೆರೆ ಮತ್ತು ಕಾಳುಗಳು ಅವಳಿಗೆ ತಿಳಿದಿದ್ದವು, ಆದರೂ ಅವಳು ಪುಟ ನೋಡುವುದು ಕಡಿಮೆ. ಆಗಸ್ಟಿನ ಒಂದು ಮಧ್ಯಾಹ್ನ ಅವಳೆದುರು ಹೊಸ ಪುಟ ಬಂದಾಗ ಅವಳು ಕೇಳಿದಳು.

“ಸರ್, ಒಂದ್ ಸಲ ನೀವು ಬಾರ್ಸಿ ತೋರ್ಸಿ.”

ನಿತ್ಯಾನಂದರು ಒಂದು ಕ್ಷಣ ಪುಟ ನೋಡಿದರು. ಬಾರಿಸುವುದಿಲ್ಲ ಎನ್ನಬಹುದಿತ್ತು. ಕುರ್ಚಿ ಎಳೆದುಕೊಂಡು ನುಡಿಸಿದರು. ಎಂಟು ಮನೆಗಳಲ್ಲಿ ಆರನೆಯದರಲ್ಲಿ, ಕೆಳಗೆ ಇಳಿಯಬೇಕಾದ ಕಡೆ, ಬೇಕೆಂದೇ ಒಂದು ಮೆಟ್ಟಿಲು ಮೇಲೆ ಹೋದರು. ಆಮೇಲೆ ಎದ್ದು ಜಾಗ ಬಿಟ್ಟರು.

ಅಂಕಿತಾ ನುಡಿಸತೊಡಗಿದಳು. ಐದನೆಯ ಮನೆಯವರೆಗೆ ತಡೆಯಿಲ್ಲ. ಆರರಲ್ಲಿ ಬೆರಳು ಮೇಲಿನ ಕೀ ಮುಟ್ಟಿ, ಒತ್ತದೆ ನಿಂತಿತು. ಅವಳು ಪುಟ ನೋಡಿದಳು, ಕೀ ನೋಡಿದಳು, ಮತ್ತೆ ಪುಟ ನೋಡಿದಳು.

“ಸರ್, ನೀವು ತಪ್ಪು ಬಾರ್ಸಿದ್ರಿ.”

ಇದನ್ನು ಹೇಳಲು ಅವಳಿಗೆ ಮೂರು ಸೆಕೆಂಡು ಸಾಕಾಯಿತು.

“ಹೌದು,” ಎಂದರು ನಿತ್ಯಾನಂದರು. “ಶುರುವಿಗೆ ಹೋಗ್ಬೇಡ. ಅಲ್ಲಿಂದ್ಲೇ ಮುಂದೆ ಓದು.”